ಗದಗಿನವನಿಗೆ ರೊಟ್ಟಿ, ಅಮ್ಮನಿಗೆ ತುಪ್ಪ

ಬೀದಿಗೊಂದು ಸೈಬರ್ ಸೆಂಟರ್ ತಲೆಯೆತ್ತುತ್ತಿದ್ದ ಆ ವರ್ಷಗಳಲ್ಲಿ ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಇಡೀ ವಠಾರಕ್ಕೆ ಇದ್ದದ್ದು ಒಂದೇ ಇ-ಮೇಲ್ ವಿಳಾಸ. ಮನೆ ಮಾಲೀಕರ ಮಗಳು ಅದನ್ನು ತೆರೆದಿದ್ದರು. ಜಾತಕ, ಕೆಲಸದ ಅರ್ಜಿ, ದೂರು ಎಲ್ಲವೂ ಅದರಿಂದಲೇ ಹೋಗಿಬರುತ್ತಿದ್ದವು. ಬೀದಿ ನಲ್ಲಿಯನ್ನು ಹಂಚಿಕೊಂಡವರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ.

ಅಮ್ಮ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಂದರೆ ಮಾತ್ರ ಆಪರೇಷನ್ ಎಂದಿತು ಹತ್ತಿರದ ಖಾಸಗಿ ಆಸ್ಪತ್ರೆ. ಜೊತೆಗೆ, 'ನಿಮಗಾಗಿಯೇ ರೂಪಿಸಿದ ಆಹಾರ ಸಲಹೆ, ಆನ್‌ಲೈನ್‌ನಲ್ಲಿ' ಎಂಬ ತನ್ನ ಹೊಸ ಸೇವೆಗೂ ಅವಳನ್ನು ಸೇರಿಸಿಕೊಂಡಿತು. ಪಕ್ಕದ ಮನೆಯಲ್ಲಿದ್ದ, ಗದಗಿನ ಕಡೆಯಿಂದ ಬಂದು ಲೇತ್ ಕೆಲಸ ಮಾಡುತ್ತಿದ್ದ ತರುಣ ಟೈಫಾಯ್ಡ್‌ನಿಂದ ಎದ್ದು ಕಡ್ಡಿಯಂತಾಗಿದ್ದ, ಅವನೂ ಸೇರಿದ.

ಇಬ್ಬರ ಮೇಲ್‌ಗಳೂ ಒಟ್ಟಿಗೇ ಬಂದವು. ಎರಡೂ 'ಡಿಯರ್ ಪೇಷೆಂಟ್' ಎಂದು ಆರಂಭವಾಗಿದ್ದವು. ಹೆಸರಿಲ್ಲ, ವಯಸ್ಸಿಲ್ಲ, ಕಾಯಿಲೆಯ ಸುಳಿವಿಲ್ಲ. ಒಂದರಲ್ಲಿ ಒಣ ರೊಟ್ಟಿ, ಸೊಪ್ಪಿನ ಪಲ್ಯ, ಅನ್ನಕ್ಕೆ ನಿಷೇಧ. ಇನ್ನೊಂದರಲ್ಲಿ ತುಪ್ಪದನ್ನ, ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು. ರೊಟ್ಟಿಯೆಂದರೆ ಉತ್ತರ ಕರ್ನಾಟಕ, ಅನ್ನವೆಂದರೆ ನಾವು. ಮಾಲೀಕರ ಮಗಳು ಎರಡನ್ನೂ ಪ್ರಿಂಟ್ ತೆಗೆಸಿ ತಂದು, ತಡವರಿಸದೆ ಹಂಚಿದರು.

"ಆಂಟಿ, ಅನ್ನ-ತುಪ್ಪದ್ದು ನಿಮ್ದು. ರೊಟ್ಟಿದು ಈ ಅಣ್ಣಂದು."

ತರುಣನಿಗೆ ಆಸ್ಪತ್ರೆಯ ಮೇಲೆ ಭಕ್ತಿಯೇ ಹುಟ್ಟಿತಂತೆ. "ನಾ ಗದಗಿನಾಂವ ಅಂತ ಕಂಪ್ಯೂಟರಿಗೆ ಹ್ಯಾಂಗ ಗೊತ್ತಾತ್ರೀ!"

ನಾನು ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ರಜೆಗೆ ಬಂದಾಗ ಅಮ್ಮ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿಯುತ್ತಿದ್ದಳು.

"ಇದೇನಮ್ಮಾ?"

"ಆಸ್ಪತ್ರೆಯೋರೇ ಹೇಳವ್ರೆ ಕಣೇ. ನೀನೊಬ್ಳು ಬೇಡ ಬೇಡ ಅಂತಿದ್ದೆ."

ಅಷ್ಟರಲ್ಲಿ ಪಕ್ಕದ ತರುಣ ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದ. "ಪಥ್ಯ ಭಾಳ ಕಡಕ್ ಐತ್ರೀ ಅಕ್ಕಾರ." ಅವನ ಹಾಳೆಯನ್ನು ಅಮ್ಮನ ಹಾಳೆಯ ಪಕ್ಕದಲ್ಲಿಟ್ಟು ಓದಿದೆ. ಮರುದಿನದ ರಕ್ತಪರೀಕ್ಷೆ ನನ್ನ ಅನುಮಾನವನ್ನು ಖಚಿತಪಡಿಸಿತು: ಅಮ್ಮನ ಸಕ್ಕರೆ ಮೊದಲಿಗಿಂತ ಏರಿತ್ತು. ಆಪರೇಷನ್ ಮುಂದಕ್ಕೆ ಹೋಯಿತು.

ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಯ ಮ್ಯಾನೇಜರರ ಎದುರು ಕುಳಿತೆ.

"ಈ ಸಲಹೆ ಬರೆದೋರು ಯಾರು?"

"ಸಿಸ್ಟಮ್ ಮೇಡಂ."

"ಅವರನ್ನೇ ಕರೀರಿ, ಮಾತಾಡ್ತೀನಿ."

ಅವರು ನಗಲಿಲ್ಲ. "ಇಬ್ರೂ ಒಂದೇ ಐಡಿ ಕೊಟ್ಟಿದ್ದು ನಿಮ್ಮ ತಪ್ಪಲ್ವಾ?"

"ಹೆಸರು ಹಾಕದೆ ಕಳಿಸಿದ್ದು?"

"ಅದು ಪ್ರೈವೆಸಿ ಮೇಡಂ. ಪೇಷೆಂಟ್ ಯಾರು ಅಂತ ಗೊತ್ತಾಗಬಾರದು."

ರೋಗಿ ಯಾರೆಂಬುದನ್ನು ರೋಗಿಗೂ ತಿಳಿಸದಷ್ಟು ನಿಷ್ಠೆಯಿಂದ ಗೌಪ್ಯ ಕಾಪಾಡುವ ಸಂಸ್ಥೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ದನಿ ಏರುತ್ತಿದ್ದಂತೆ ಅಮ್ಮ ನನ್ನ ಮೊಣಕೈ ಅದುಮಿ, ತಾನೇ ಮಾತಿಗಿಳಿದಳು.

"ಅದೆಲ್ಲ ಬುಡಿ ಸಾರ್. ಎದುರಿಗೇ ಕೂತಿವ್ನಿ. ಇವತ್ತು ಮನೆಗೋಗಿ ಏನು ಉಣ್ಲಿ? ಅಷ್ಟು ಹೇಳಿ."

ಅವರು ಅಮ್ಮನನ್ನು ಬಿಟ್ಟು ಕಂಪ್ಯೂಟರಿನ ಪರದೆ ನೋಡಿದರು. "ಮೇಲ್ ಮಾಡ್ತೀವಮ್ಮ."

"ಹೇಳೋಗಂಟ ಏಳಕಿಲ್ಲ."

ಅವಳು ಏಳಲೂ ಇಲ್ಲ. ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಮುತ್ತಿದರು; ಯಾರೋ ತಮ್ಮ ಚೀಲದಿಂದ ಅಂಥದೇ ಹಾಳೆ ತೆಗೆದು, "ಸಾರ್, ಇದು ನಂದೇನಾ?" ಎಂದರು. ಗದ್ದಲಕ್ಕೆ ಬೆದರಿದ ಮ್ಯಾನೇಜರ್ ಕೊನೆಗೆ ವೈದ್ಯೆಯೊಬ್ಬರನ್ನು ಕರೆಸಿದರು. ಅಮ್ಮ ಏನು ಉಣ್ಣಬೇಕೆಂಬುದನ್ನು ಆಕೆ ನಿಂತಲ್ಲೇ ಹೇಳಿ ಮುಗಿಸಿದರು.

ಆಪರೇಷನ್ ನಡೆಯಿತು, ಹಲವು ತಿಂಗಳು ತಡವಾಗಿ. ಅಷ್ಟರಲ್ಲಿ ಸೀರೆ ಕೊಡುತ್ತಿದ್ದವರು ಬೇರೆಯವರನ್ನು ಹುಡುಕಿಕೊಂಡಿದ್ದರು. ಅಮ್ಮ ಕಣ್ಣು ಮತ್ತೆ ಕಾಣುವಂತಾದದ್ದನ್ನು ನೆನೆದು ಆ ಆಸ್ಪತ್ರೆಗೆ ಇಂದಿಗೂ ಕೈಮುಗಿಯುತ್ತಾಳೆ. ನಾನು ಕೈಮುಗಿಯುವುದಿಲ್ಲ. "ತಪ್ಪು ನಮ್ಮದು" ಎಂದು ಅಲ್ಲಿ ಯಾರಾದರೂ ಮೊದಲು ಹೇಳಲಿ.