ವಳಸಂಗದ ಹಾದಿಯಲ್ಲಿ ಇಳಿಯುತ್ತ ಹೋದ ಅಂದಾಜು

ಕಂಡಕ್ಟರ್ ತನ್ನ ಟಿಕೆಟ್ ಪಂಚನ್ನು ಸೀಟಿನ ಕಂಬಿಗೆ ಬಡಿಯುತ್ತ ಬರುವ ಟಕ್ ಟಕ್ ಸದ್ದು. ಈಗಿನ ಮಿಷನ್ನುಗಳು ಆ ಸದ್ದು ಮಾಡುವುದಿಲ್ಲ. ಮಿರಜದಿಂದ ಜತ್ತಕ್ಕೆ ಹೊರಟ ಕೆಂಪು ಎಸ್.ಟಿ. ಬಸ್ಸಿನಲ್ಲಿ ಅದು ನನ್ನ ಸೀಟಿನ ತನಕ ಬಂದು ನಿಂತಾಗ, ಊರಿನ ಹೆಸರು ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಬಸಗೊಂಡ ಬಿರಾದಾರ ಸರ್ ಅವರನ್ನು ನೋಡಲು ಹೊರಟಿದ್ದೆ. ಪುಣೆಯ ಒಂದು ಕಾಮರ್ಸ್ ಕಾಲೇಜಿನಲ್ಲಿ ಅವರು ಅಕೌಂಟೆನ್ಸಿ ಪ್ರೊಫೆಸರ್, ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಬೆಳಗಾವಿಯ ಕಾನ್ವೆಂಟ್‌ನಲ್ಲಿ ಸಿಸ್ಟರುಗಳು ನನ್ನ ತಲೆಗೆ ತುಂಬಿದ ಗ್ರಾಮರ್ ಅವರ ರಿಸರ್ಚ್ ಪೇಪರುಗಳ ಸೇವೆಗೆ ಸವೆಯಿತು ಎಂದರೂ ನಡೆದೀತು. ರಜೆ ಹಾಕಿ ಜತ್ತದ ಹತ್ತಿರದ ವಳಸಂಗ ಎಂಬ ತಮ್ಮ ಊರಿಗೆ ಹೋಗಿದ್ದ ಅವರ ಮನೆಯಿಂದ ಹೆಂಡತಿ ಗೌರವ್ವ ಫೋನ್ ಮಾಡಿದ್ದರು. "ಸರ್‌ಗ ಸ್ವಲ್ಪ ಜ್ವರ ಬಂದಾವ್ರಿ ಅಕ್ಕಾರ. ಒಮ್ಮಿ ಬಂದು ಹೋಗ್ರಿ."

ಬೆಳಗಿನ ರೈಲು ಹಿಡಿದು ಮಧ್ಯಾಹ್ನಕ್ಕೆ ಮಿರಜ ತಲುಪಿದೆ. ಸ್ಟೇಷನ್ನಿನ ಹೊರಗಿನ ಬೂತಿನಿಂದ ಫೋನ್ ಮಾಡಿದಾಗ ಸರ್ ಅವರ ತಮ್ಮ ಸಿದಗೊಂಡ, "ಸ್ವಲ್ಪ ಹೆಚ್ಚಾಗೈತ್ರಿ" ಎಂದ. ಸರ್ ತೋರಿಸಿಕೊಂಡಿದ್ದ ಡಾಕ್ಟರರ ಹೆಸರು ಗೊತ್ತಿತ್ತು, ರಿಕ್ಷಾ ಮಾಡಿಕೊಂಡು ಹೋಗಿ ಕಂಡೆ. ಆತ ಇಂಗ್ಲಿಷಿನಲ್ಲಿ, ಮುಖ ಎತ್ತದೆ, "ವೀಕ್ಸ್, ನಾಟ್ ಮಂತ್ಸ್" ಎಂದರು. ಲಿವರಿನ ಕ್ಯಾನ್ಸರ್. ಬಸ್‌ಸ್ಟ್ಯಾಂಡಿನಲ್ಲಿ ವಡಾ ಪಾವ್ ಕೊಂಡು ಜತ್ತದ ಬಸ್ಸು ಹತ್ತಿದೆ.

ಎಂಬತ್ತು ಕಿಲೋಮೀಟರಿನಷ್ಟು ದಾರಿ. ದ್ರಾಕ್ಷಿ ತೋಟಗಳು ಮುಗಿದು ಕಲ್ಲುನೆಲ ಶುರುವಾಯಿತು. ಗಾಳಿಗೆ ಕಿಟಕಿಯ ಶಟರ್ ತಾನಾಗಿ ಕೆಳಗಿಳಿಯುತ್ತಿತ್ತು. ಸರ್ ಹುಡುಗನಾಗಿದ್ದಾಗ ಬಂದದ್ದೂ ಇದೇ ರೋಡಿನಲ್ಲಿ. ಅದನ್ನು ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ್ದರು. ಸಾಂಗ್ಲಿಯ ಹಾಸ್ಟೆಲಿನಿಂದ ಅವರನ್ನು ಕರೆದೊಯ್ಯಲು ಸೋದರಮಾವ ಬಂದಿದ್ದ. ಹಾಸ್ಟೆಲಿನಲ್ಲಿ ಮಾವ ಹೇಳಿದ್ದು, ಅಪ್ಪಗ ಜ್ವರ. ಮಿರಜದಲ್ಲಿ, ಸ್ವಲ್ಪ ಹೆಚ್ಚಾಗೈತಿ. ಜತ್ತದಲ್ಲಿ, ಸೀರಿಯಸ್ ಅದಾನ. ವಳಸಂಗದ ಅಗಸಿ ಬಾಗಿಲಲ್ಲಿ ಇಳಿದಾಗ ಮನೆಯಿಂದ ಅಳುವ ದನಿ ಕೇಳಿತು. ಮಣ್ಣು ಕೊಟ್ಟು ಆಗಲೇ ಒಂದು ದಿನವಾಗಿತ್ತು. ಆ ಸೀಮೆಯಲ್ಲಿ ಸಾವಿನ ಸುದ್ದಿ ಹೇಳುವ ಪದ್ಧತಿಯೇ ಹಾಗೆ. ದೂರದಲ್ಲಿರುವವರಿಗೆ ಒಂದೇ ಸಲ ಹೇಳುವುದಿಲ್ಲ, ಸ್ಟಾಪಿನಿಂದ ಸ್ಟಾಪಿಗೆ ಇಳಿಸುತ್ತ ಬರುತ್ತಾರೆ.

ಮುಂದೆ ಅವರ ರಿಸರ್ಚ್ ಎಲ್ಲ ಅದರ ಮೇಲೆಯೇ. ಕಂಪನಿಗಳು ತಮ್ಮ ಲಾಭದ ಬಗ್ಗೆ ಮಾರ್ಕೆಟ್ಟಿಗಿರುವ ಎಕ್ಸ್‌ಪೆಕ್ಟೇಶನ್ನನ್ನು ರಿಸಲ್ಟ್ ದಿನದೊಳಗೆ ಹೇಗೆ ಮೆಲ್ಲಗೆ ಕೆಳಗಿಳಿಸುತ್ತವೆ, ಆಮೇಲೆ ಅಂದಾಜಿಗಿಂತ ಒಂದಿಷ್ಟು ಹೆಚ್ಚು ತೋರಿಸಿ ಹೇಗೆ ಚಪ್ಪಾಳೆ ಗಿಟ್ಟಿಸುತ್ತವೆ ಎಂದು ತೊಂಬತ್ತರ ದಶಕವಿಡೀ ಬರೆದರು. ಫಾರಿನ್ ಜರ್ನಲ್ಲಿನಲ್ಲಿ ಪೇಪರ್ ಬಂತು. ಪ್ರೊಫೆಸರ್ ಆಗಿದ್ದು ಮಾತ್ರ ಕೂದಲು ಬೆಳ್ಳಗಾದ ಮೇಲೆ. ಷೇರು ಪೇಟೆಯ ಹುಚ್ಚು ಹಿಡಿದ ನಮ್ಮ ಕಲೀಗ್‌ಗಳು, "ಬಿರಾದಾರ, ಯಾವ ಷೇರು ತೊಗೊಳ್ಳಲಿ?" ಎಂದು ಕೇಳಿ ನಗುತ್ತಿದ್ದರು.

ಜತ್ತದಲ್ಲಿ ಇಳಿದು ಮತ್ತೆ ಫೋನ್ ಮಾಡಿದೆ. "ಸೀರಿಯಸ್ ಅದಾರ್ರಿ, ಲಗೂನ ಬರ್ರಿ" ಎಂದ ಸಿದಗೊಂಡ. ನನಗೆ ಅರ್ಥವಾಯಿತು. ಸ್ಟ್ಯಾಂಡಿನ ಎದುರಿಗೇ ಒಂದು ಸುಗಂಧರಾಜದ ಹಾರ ಕೊಂಡು ಚೀಲದಲ್ಲಿಟ್ಟೆ. ವಳಸಂಗದ ಜೀಪಿಗೆ ಹತ್ತು ರೂಪಾಯಿ. ಯಾರ ಮನೆಗೆಂದು ಹೇಳುತ್ತಲೇ ಡ್ರೈವರ್ ಇಮಾಮ ಟೇಪ್‌ರೆಕಾರ್ಡರ್ ಬಂದ್ ಮಾಡಿದ. "ಹೆಂಗಿದ್ದಾರೆ?" ಎಂದೆ. "ಮುಂದ ಕುಂದ್ರಿ ಬಾಯಾರ. ಹೋಗಿ ನೋಡೂಣಂತ."

ಪಡಸಾಲೆಯ ಹೊರಸಿನ ಮೇಲೆ ಸರ್ ಕುಳಿತಿದ್ದರು. ಕಣ್ಣು ಅರಿಶಿನ, ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿ. ಆದರೆ ಕುಳಿತಿದ್ದರು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

"ಬರ್ರಿ ಮೇಡಂ. ಏನದು ವಾಸನಿ? ಹಾರ ತಂದೀರೇನ್ರಿ?"

ನಾನು ಚೀಲ ಹಿಂದಕ್ಕೆ ಸರಿಸಿದೆ. ಅವರು ಕೆಮ್ಮುತ್ತ ನಕ್ಕರು. "ಅಂದಾಜ ಭಾಳ ಕೆಳಗ ಇಳಿಸಿ ಕರಕೊಂಡ ಬಂದಾರ ನಿಮ್ಮನ್ನ. ಈಗ ನಾ ಬರೇ ಉಸುರಾಡಿದ್ರೂ ನಿಮಗ ಲಾಭನ."

"ಹಂಗ ಹೇಳದಿದ್ರ ಲಗೂನ ಬರ್ತಿದ್ರೇನ್ರಿ?" ಎಂದ ಸಿದಗೊಂಡ, ತಪ್ಪು ಮಾಡಿದ ಭಾವವೇ ಇಲ್ಲದೆ. ಗೌರವ್ವ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ ಬಡಿಸಿದರು. ಸರ್ ಎರಡು ಚಮಚ ಗಂಜಿ ಕುಡಿದು ಮುಖ ತಿರುಗಿಸಿದರು.

ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲು ಅವರು ನನ್ನನ್ನು ಹತ್ತಿರ ಕರೆದರು.

"ಡಾಕ್ಟರ್ನ ಕಾಣದ ಬರಾವರಲ್ಲ ನೀವು. ಇವರು ಮೊದಲ ಅರಿಶಿನ ಕಾಮಣಿ ಅಂದ್ರು. ಹ್ವಾದ ವಾರ ಲಿವರ್ ಸ್ವಲ್ಪ ಊದೇತಿ ಅಂದ್ರು. ಮುಂದಿನ ವಾರ ಮತ್ತಿಷ್ಟ ಇಳಸ್ತಾರ. ನೀವರೆ ಪೂರಾ ಹೇಳ್ರಿ."

"ಸೆಕೆಂಡ್ ಒಪೀನಿಯನ್ ತೊಗೊಂಡರೆ, ಸರ್..."

"ಮೇಡಂ, ಕಂಪನಿಯವರಗತೆ ಮಾತಾಡಬ್ಯಾಡ್ರಿ. ದೀಪಾವಳಿ ಕಾಣ್ತೀನೇನು?"

"ಇಲ್ಲ ಸರ್."

ಅವರು ಅಂಗಳದತ್ತ ನೋಡಿದರು. ಅಲ್ಲಿ ಒಂದು ಕೋಳಿ ಮಣ್ಣು ಕೆದರುತ್ತಿತ್ತು. "ಸುನಂದಾಗ ಏನಂತ ಹೇಳಿದಿ?" ಎಂದು ಹೆಂಡತಿಯನ್ನು ಕೇಳಿದರು. ಸುನಂದಾ ಅವರ ಒಬ್ಬಳೇ ಮಗಳು, ಹೈದರಾಬಾದಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು.

"ಜ್ವರ ಅಂತ ಹೇಳೇನ್ರಿ. ಪರೀಕ್ಷಾ ಅದಾವ ಕೂಸಿಗೆ. ವ್ಯಾಳ್ಯಾ ಬಂದಾಗ ಸಿದಗೊಂಡ ಹೋಗಿ ಕರಕೊಂಡ ಬರ್ತಾನ."

"ಕರಕೊಂಡ ಬರ್ತಾನ. ಸೊಲ್ಲಾಪುರದಾಗ ಹೆಚ್ಚಾಗೈತಿ ಅಂತಾನ, ಜತ್ತದಾಗ ಸೀರಿಯಸ್ ಅಂತಾನ." ಸರ್ ಕೈ ಚಾಚಿದರು. "ಫೋನ್ ತಾ ಇಲ್ಲಿ."

ಗೌರವ್ವ ಫೋನನ್ನು ಎದೆಗೆ ಅವಚಿಕೊಂಡು ನಿಂತರು. "ಒಬ್ಬಾಕಿ ಅದಾಳ್ರಿ ಅಲ್ಲಿ. ಹೆಂಗ ತಡಕೊಂತಾಳ?"

"ತಡಕೊಂಡು ಬರಲಿ. ನನಗ ಮಾತ ಇರತನ ಬರಲಿ."

ಸಿದಗೊಂಡ ಅತ್ತಿಗೆಯ ಮುಖ ನೋಡಿದ. ಗೌರವ್ವ ಫೋನನ್ನು ಹೊರಸಿನ ಮೇಲಿಟ್ಟು ತಾವೇ ನಂಬರ್ ಒತ್ತಿದರು. ಹೊರಗೆ ಇಮಾಮನ ಜೀಪು ಹಾರ್ನ್ ಹೊಡೆಯಿತು. ಅದು ಬಿಟ್ಟರೆ ಮತ್ತೆ ಜೀಪಿದ್ದದ್ದು ಮಧ್ಯಾಹ್ನಕ್ಕೆ. ನಾನು ಕೈ ಮುಗಿದೆ. ಸರ್ ತಲೆಯಾಡಿಸಿದರು, ಹಾಸ್ಟೆಲಿನವರು ಮಗಳನ್ನು ಫೋನಿಗೆ ಕರೆತರಲೆಂದು ಕಾಯುತ್ತ.

ಹೊಸ್ತಿಲ ಆಚೆ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದೆ. ಅದೇ ಕೊನೆಯ ಸಲ ನಾನು ಅವರನ್ನು ಕಂಡದ್ದು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಕ್ಲಾಸಿನಲ್ಲಿ ನಿಲ್ಲುವಾಗಿನಂತೆ ಬೆನ್ನು ನೆಟ್ಟಗೆ ಮಾಡಿಕೊಂಡು.

"ಸುನೀ, ಕುಂತೀಯೇನವ್ವ? ಕುಂದ್ರು. ಜ್ವರಲ್ಲವ್ವ, ನಾ ಸಾಯಾಕ ಹತ್ತೀನಿ. ಇವತ್ತಿನ ಗಾಡಿಗೇ ಬಾ."