ಏಣಿಗೆ ಏಳು ಕಿಲೋ ದೂರ

ನಮ್ಮ ಅಕ್ಕ, ಅಂದರೆ ನನ್ನ ವಾರಗಿತ್ತಿ, ಆರಂಭಶೂರತ್ವದಲ್ಲಿ ಎತ್ತಿದ ಕೈ. ತೂಕ ಇಳಿಸುತ್ತೇನೆಂದು ಅವಳು ಎಷ್ಟು ಸಲ ಹೊರಟಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಸ್ಕಿಪ್ಪಿಂಗ್ ಹಗ್ಗ ತಂದಳು. ಮೂರನೆಯ ದಿನಕ್ಕೆ ಅದರ ಮೇಲೆ ಭಾವನವರ ಬನಿಯನ್ ಒಣಗುತ್ತಿತ್ತು. ವ್ಯಾಯಾಮಕ್ಕೆಂದು ದಪ್ಪ ಚಾಪೆ ತಂದಳು. ಅದರ ಮೇಲೆ ನಾನು ಮಧ್ಯಾಹ್ನದ ನಿದ್ದೆ ಹೊಡೆದೆ. ಅವಳು "ಸೋಮವಾರದಿಂದ ನೋಡ್ತಿರಿ" ಅಂದರೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅವರು ಮೇಲಿನ ಮನೆಯಲ್ಲಿ, ನಾವು ಕೆಳಗೆ. ಬೆಳಿಗ್ಗೆ ಅವಳು ಮೆಟ್ಟಿಲಿಳಿಯುವ ಸದ್ದು ಕೇಳಿಯೇ ಈ ಸಲದ ಉತ್ಸಾಹ ಎಷ್ಟು ದಿನದ್ದೆಂದು ನಾನು ಹೇಳಬಲ್ಲೆ.

ಕೆಲಸದ ವಿಷಯಕ್ಕೆ ಬಂದರೆ ಮಾತ್ರ ಅವಳೇ ಬೇರೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕಪಾಟುಗಳನ್ನೂ ನಡುನಡುವೆ ಕೌಂಟರನ್ನೂ ನೋಡಿಕೊಂಡು ಬಂದವಳು. ಸೂರು ಮುಟ್ಟುವ ಕಪಾಟುಗಳವು. "ನೀಲಿ ರಟ್ಟಿಂದು ಮೇಡಂ, ಹೆಸರು ಮರ್ತೋಯ್ತು" ಅಂದರೂ ಸಾಕು, ಸೆರಗು ಸಿಕ್ಕಿಸಿ ಏಣಿ ಹತ್ತಿ, ಸರಿಯಾಗಿ ಅದನ್ನೇ ತೆಗೆದುಕೊಡುತ್ತಿದ್ದಳು. ಏಣಿಯ ಮೇಲೆ ನಿಂತಾಗ ಅವಳ ಮುಖದಲ್ಲಿ ಒಂದು ಜಂಬ ಇರುತ್ತಿತ್ತು. ಅದು ನನಗೆ ತುಂಬಾ ಇಷ್ಟ.

ಹೋದ ವರ್ಷ ಮರದ ಹಳೆಯ ಏಣಿಗೆ ಹುಳು ಹಿಡಿದು, ಅಲ್ಯೂಮಿನಿಯಂ ಏಣಿ ಬಂತು. ಅದರ ಪಕ್ಕದಲ್ಲೊಂದು ಹಳದಿ ಚೀಟಿ: ಗರಿಷ್ಠ ಭಾರ ತೊಂಬತ್ತು ಕಿಲೋ. ಅಂಥ ಚೀಟಿಯನ್ನು ಯಾರೂ ಓದುವುದಿಲ್ಲ. ಆದರೆ ಹೊಸದಾಗಿ ಬಂದ ಗ್ರಂಥಪಾಲಕರು ಔಷಧಿ ಬಾಟಲಿಯ ಸಣ್ಣಕ್ಷರವನ್ನೂ ಬಿಡದ ಪೈಕಿ. ಸಿಬ್ಬಂದಿಯನ್ನೆಲ್ಲ ಪಾರ್ಸೆಲ್ ತೂಗುವ ಯಂತ್ರದ ಮೇಲೆ ಹತ್ತಿಸಿ ಇಳಿಸಿದರು. ಅಕ್ಕ ತೊಂಬತ್ತೇಳು.

"ಬೇಜಾರ್ ಮಾಡ್ಕೋಬೇಡಿ ಮೇಡಂ," ಅಂದರಂತೆ. "ನೀವು ಬಿದ್ರೆ ನಾನು ಏನಂತ ಉತ್ತರ ಕೊಡ್ಲಿ? ಸದ್ಯಕ್ಕೆ ಕೌಂಟರ್ ಮಾತ್ರ ನೋಡ್ಕೊಳ್ಳಿ. ಇನ್ನು ನಾಲ್ಕು ತಿಂಗಳಿಗೆ ವಾರ್ಷಿಕ ತಪಾಸಣೆ. ಅಷ್ಟರಲ್ಲಿ ತೊಂಬತ್ತಕ್ಕೆ ಇಳಿದ್ರೆ ಕಪಾಟು ನಿಮ್ದೇ. ಇಲ್ದಿದ್ರೆ ಬೇರೆಯವರ ಹೆಸರು ಬರೀಲೇಬೇಕಾಗುತ್ತೆ."

ಆ ಸಂಜೆ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. "ಬೈಂಡಿಂಗ್ ಮಾಡೋ ಅಣ್ಣ ಏಣಿ ಹತ್ತುತ್ತಾರೆ ಕಣೇ. ಪ್ರವಾಸದ ಪುಸ್ತಕ ತಗೊಂಡೋಗಿ ಪಶುವೈದ್ಯದ ಮಧ್ಯೆ ತುರುಕ್ತಾರೆ. ನಾನು ಕೆಳಗೆ ಕೂತು ಕೈ ಕೈ ಹಿಸುಕ್ಕೋತೀನಿ." ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದವಳು ಎದ್ದು ಕಾಫಿಗೆ ಹಾಲಿಟ್ಟೆ. ಇಪ್ಪತ್ತೆರಡು ವರ್ಷ ನೋಡಿಕೊಂಡ ಜಾಗ ಅದು.

ಮರುದಿನದಿಂದ ಬೆಳಿಗ್ಗೆ ಐದೂವರೆಗೆ ನಡಿಗೆ ಶುರುವಾಯಿತು. ಮೂರು ದಿನ ಮೆಟ್ಟಿಲು ದಡದಡ ಅಂದಿತು. ನಾಲ್ಕನೆಯ ದಿನ ಸದ್ದಿಲ್ಲ. ಐದನೆಯ ದಿನ ಅವಳೇ ಕೆಳಗೆ ಬಂದು, "ನನ್ನ ಮನಸ್ಸನ್ನ ನಾನು ನಂಬೋದು ಬಿಟ್ಟೆ. ಇನ್ಮೇಲೆ ಏನಿದ್ರೂ ಮುದ್ರೆ," ಅಂದಳು. ಗ್ರಂಥಾಲಯದಲ್ಲಿ ಗುಜರಿಗೆ ಹಾಕಿದ್ದ ಹಳೆಯ ತಾರೀಖಿನ ಮುದ್ರೆಯನ್ನೂ ಇಂಕಿನ ಪ್ಯಾಡನ್ನೂ ಕೇಳಿ ತಂದಿದ್ದಳು. ಪುಸ್ತಕದ ಕೊನೆಗೆ ಅಂಟಿಸುವ ತಾರೀಖಿನ ಚೀಟಿಯೊಂದನ್ನು ಮೇಲೆ ತನ್ನ ಅಡುಗೆಮನೆಯ ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದಳು. ನಡೆದು ಬಂದವಳು ಬೆವರು ಒರೆಸಿಕೊಳ್ಳುವ ಮೊದಲೇ ಒಂದು ಮುದ್ರೆ ಒತ್ತಬೇಕು.

ವಾರ ಕಳೆದ ಮೇಲೆ ಭಾವ ಸಕ್ಕರೆ ಡಬ್ಬಿಗೆಂದು ಬೀರು ತೆಗೆದವರು ನನ್ನನ್ನು ಕೂಗಿದರು. "ಬಾಮ್ಮ ಇಲ್ಲಿ, ನಿಮ್ಮಕ್ಕನ ಪವಾಡ ನೋಡು. ಇವತ್ತು ಹನ್ನೊಂದು. ಇವಳು ಇಪ್ಪತ್ತೈದನೇ ತಾರೀಖಿನ ವಾಕಿಂಗೂ ಮುಗಿಸಿ ಕೂತಿದ್ದಾಳೆ!"

ಕೌಂಟರಿನಲ್ಲಿ ಪುಸ್ತಕಕ್ಕೆ ಒತ್ತುವುದು ಅದನ್ನು ಹಿಂತಿರುಗಿಸಬೇಕಾದ ದಿನದ ಮುದ್ರೆ, ಹದಿನಾಲ್ಕು ದಿನ ಮುಂದಿನದು. ಮನೆಯಲ್ಲೂ ಅವಳ ಕೈ ಅಭ್ಯಾಸಬಲದಿಂದ ಹದಿನಾಲ್ಕು ದಿನ ಮುಂದಕ್ಕೆ ತಿರುಗಿಸಿ ಒತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹಾಗಾದ್ರೆ ಎರಡು ವಾರ ಹೊದ್ಕೊಂಡು ಮಲಕ್ಕೋ ಅಕ್ಕ!"

ಅವಳು ಮುಖ ಕೆಂಪಗೆ ಮಾಡಿಕೊಂಡು ಚೀಟಿಯನ್ನೇ ನೋಡುತ್ತ ನಿಂತಳು. ಆಮೇಲೆ ಬೀರುವಿನ ಬಾಗಿಲು ಮುಚ್ಚಿದಳು. "ಒತ್ತಿದ ಮುದ್ರೆ ಒತ್ತಿ ಆಯ್ತು. ಇವತ್ತು ನಡೆದಿದ್ದಕ್ಕೆ ಇಪ್ಪತ್ತೈದಕ್ಕೆ ನಡೀಲೇಬೇಕು. ಇಷ್ಟು ವರ್ಷದಲ್ಲಿ ಒಬ್ಬ ಓದುಗನಿಗೂ ತಾರೀಖು ಬಿಟ್ಟುಕೊಟ್ಟವಳಲ್ಲ ನಾನು. ನನಗೆ ನಾನೇ ಬಿಟ್ಟುಕೊಡ್ತೀನಾ?"

ಅಲ್ಲಿಂದ ಮುಂದೆ ಅವಳಿಗೆ ಬಿಡುಗಡೆಯೇ ಇಲ್ಲವಾಯಿತು. ಒಂದು ದಿನ ನಡೆದರೆ ಇನ್ನೊಂದು ದಿನ ತಗಲಿಕೊಳ್ಳುತ್ತಿತ್ತು. ಬೇಸರ ಬಂದು ನಿಲ್ಲಿಸಿಬಿಡೋಣವೆಂದರೂ ಬಾಗಿಲ ಹಿಂದೆ ಹದಿನಾಲ್ಕು ತಾರೀಖು ಕಾದು ಕೂತಿರುತ್ತಿದ್ದವು. ನೆಗಡಿಯಾದ ದಿನ ಹಜಾರದಲ್ಲೇ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದಳು. ಅನ್ನದ ತಟ್ಟೆ ಬಿಟ್ಟು ಚಿಕ್ಕ ತಟ್ಟೆ ಹಿಡಿದಳು. ಕೊನೆಗೆ ನನ್ನನ್ನೂ ಎಳೆದಳು. "ಒಬ್ಬಳೇ ಹೋದ್ರೆ ಬೆಂಚು ಕಂಡಲ್ಲಿ ಕೂತ್ಬಿಡ್ತೀನಿ. ನೀನು ಬೈತಾ ಬಾ." ಬೈಯುವುದು ನನಗೆ ಚೆನ್ನಾಗಿ ಬರುವ ಕೆಲಸ, ಒಪ್ಪಿಕೊಂಡೆ. ಮೊದಲ ತಿಂಗಳು ಇಳಿದದ್ದು ಬರೀ ಒಂದು ಕಿಲೋ. ಮೂರನೆಯ ತಿಂಗಳು ಎರಡು ವಾರ ತೂಕದ ಯಂತ್ರದ ಮುಳ್ಳು ಅಲುಗಲೇ ಇಲ್ಲ. ಅವಳು ಯಂತ್ರಕ್ಕೆ ಒಂದಿಷ್ಟು ಬೈದು, ಮರುದಿನ ಮತ್ತೆ ಚಪ್ಪಲಿ ಮೆಟ್ಟಿದಳು.

ತಪಾಸಣೆಯ ಬೆಳಿಗ್ಗೆ ನಾನೂ ಗ್ರಂಥಾಲಯಕ್ಕೆ ಹೋದೆ. ಗ್ರಂಥಪಾಲಕರು ಕನ್ನಡಕ ಸರಿಮಾಡಿಕೊಂಡು ಓದಿದರು: "ಎಂಬತ್ತೊಂಬತ್ತು ಕಿಲೋ ಆರುನೂರು ಗ್ರಾಂ." ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು. ಅಕ್ಕ ಸೆರಗು ಸಿಕ್ಕಿಸಿ, ಮೇಲಿಡಲೆಂದು ಮೇಜಿನ ಮೇಲೆ ರಾಶಿ ಹಾಕಿದ್ದ ಪುಸ್ತಕಗಳಲ್ಲಿ ಏಳೆಂಟನ್ನು ಎದೆಗವಚಿಕೊಂಡು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

"ಮೇಡಂ, ಒಂದ್ನಿಮಿಷ," ಅಂದರು ಗ್ರಂಥಪಾಲಕರು, ಅವರಿಗೂ ಸಂಕಟವಾಗಿತ್ತು. "ಪುಸ್ತಕದ ಭಾರ?"

ಬರಿಗೈಯಲ್ಲಿ ಆ ಏಣಿ ಹತ್ತುವವರು ಯಾರೂ ಇಲ್ಲ, ಇದು ನಾಲ್ಕು ತಿಂಗಳಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ನನಗೆ ಏಣಿಯ ಆ ಹಳದಿ ಚೀಟಿಯನ್ನು ಕಿತ್ತು ಆ ಮನುಷ್ಯನ ಕೈಗೇ ಕೊಡಬೇಕೆನಿಸಿತು.

ಅಕ್ಕ ಕಾಲು ಕೆಳಗಿಟ್ಟಳು. ಪುಸ್ತಕಗಳನ್ನು ಮತ್ತೆ ಮೇಜಿನ ರಾಶಿಗೆ ಸೇರಿಸಿ, ಒಂದೊಂದನ್ನೇ ಅಂಗೈಯಲ್ಲಿ ತೂಗಿ ನೋಡಿದಳು. ಅದರಲ್ಲೊಂದು ತೆಳ್ಳನೆಯ ಕವನ ಸಂಕಲನವಿತ್ತು, ಇನ್ನೂರು ಗ್ರಾಮೂ ಇರಲಿಕ್ಕಿಲ್ಲ. ಅದೊಂದನ್ನೇ ಹಿಡಿದು ಹತ್ತಿದಳು, ಅದರ ಜಾಗದಲ್ಲಿಟ್ಟಳು, ಇಳಿದಳು. ಮತ್ತೊಂದು ತೆಳ್ಳನೆಯದನ್ನು ಹಿಡಿದು ಹತ್ತಿದಳು. ಓದುತ್ತಿದ್ದವರು ಪತ್ರಿಕೆ ಮಡಚಿಟ್ಟು ನೋಡತೊಡಗಿದರು. ಮಧ್ಯಾಹ್ನದೊಳಗೆ ಮೂವತ್ತೆಂಟು ಸಲ ಹತ್ತಿ ಇಳಿದಳು. ಬೆನ್ನೆಲ್ಲ ಬೆವರು, ಮುಖದಲ್ಲಿ ಅದೇ ಜಂಬ. ಗ್ರಂಥಪಾಲಕರು ಪೆನ್ನು ತೆಗೆದು ಕಪಾಟಿನ ಪಟ್ಟಿಯಲ್ಲಿ ಅವಳ ಹೆಸರು ಬರೆದರು.

ಮೇಜಿನ ಮೇಲೆ ಕೊನೆಗೆ ಉಳಿದದ್ದು ದಪ್ಪ ನಿಘಂಟು. ಬೈಂಡಿಂಗಿನವರು ತಾವೇ ಇಡುತ್ತೇನೆಂದು ಕೈ ಚಾಚಿದರು. ಅಕ್ಕ ಅದರ ಮೇಲೆ ಅಂಗೈ ಊರಿದಳು.

"ಇದು ಮೂರೂವರೆ ಕಿಲೋ ಇದೆ, ಇಲ್ಲೇ ಇರ್ಲಿ ಅಣ್ಣ," ಅಂದಳು. "ಮೂರು ತಿಂಗಳು ಯಾರೂ ಮುಟ್ಬೇಡಿ. ನಾನೇ ಮೇಲಿಡ್ತೀನಿ."