ರ‍್ಯಾಂಪಿನ ಮೇಲೆ ಹುರುಳಿ

ಮಾದೇವಣ್ಣನನ್ನು ಬೈಯಬಹುದಿತ್ತು, ರೇಗಿಸಬಹುದಿತ್ತು, ಎತ್ತುವಂತಿರಲಿಲ್ಲ. ಪೋಲಿಯೋದಿಂದ ಸೊರಗಿದ ಕಾಲುಗಳನ್ನು ಮಡಚಿ, ಮನೆ ಮುಂದಿನ ಹೊಂಗೆಮರದಡಿ ಕೂತು, ಕೆಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಆಸಾಮಿ. ಯಾರಾದರೂ ಕನಿಕರಪಟ್ಟು ಕಂಕುಳಿಗೆ ಕೈಹಾಕಿದರೆ ಸಾಕು, "ಕೈ ತಗಿಲಾ! ನಾನೇನು ಈರುಳ್ಳಿ ಮೂಟೆನಾ?" ಎಂದು ಅಬ್ಬರಿಸುತ್ತಿದ್ದ. ನಮ್ಮೂರಿನ ಗಂಡಸರು ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಪಳಗಿದವರು. ಎದುರಿಗೆ ಸಿಕ್ಕಿದ್ದನ್ನು ಎತ್ತಿಬಿಡುವುದೇ ಅವರಿಗೆ ಸುಲಭದ ಉಪಕಾರ.

ಊರಲ್ಲಿ ಮಾದೇವರು ತುಂಬ. ಗುರುತಿಗೆಂದು ಇವನು ಕುಂಟ ಮಾದೇವ. ಸರ್ಕಾರ ಮಾತ್ರ ಅವನ ಹೆಸರನ್ನು ಆಗಾಗ ರಿಪೇರಿ ಮಾಡುತ್ತಿತ್ತು. "ಮೊದ್ಲು ಅಂಗವಿಕಲ ಅಂದ್ರು. ಆಮ್ಯಾಕ ವಿಕಲಚೇತನ. ಈಗ ವಿಶೇಷಚೇತನ ಅಂತ. ಎಸ್ರು ಮ್ಯಾಕ್ ಮ್ಯಾಕ್ಕ ಓಯ್ತಾ ಅದ, ನಾನು ಮೆಟ್ಲು ಕೆಳ್ಗೇ ಇವ್ನಿ ಕಣ್ಲಾ" ಎನ್ನುತ್ತಿದ್ದ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದಿದ್ದ ನಾನು ಈ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಬರೆಯುವಾಗ ಸ್ವಲ್ಪ ತಿದ್ದಿದೆನೋ ಏನೋ. ಅವನು ಇಷ್ಟು ಅಚ್ಚುಕಟ್ಟಾಗಿ ಮಾತಾಡುತ್ತಿದ್ದನೇ ಎಂದು ಈಗ ಅನುಮಾನ.

ಮೆಟ್ಟಿಲೆಂದರೆ ಪಂಚಾಯಿತಿ ಕಚೇರಿಯ ಮೆಟ್ಟಿಲು. ಗ್ರಾಮಸಭೆ ಮೇಲೆ, ಒಳಗೆ ನಡೆಯುತ್ತಿತ್ತು. ಮಾದೇವಣ್ಣ ಕೆಳಗೆ ಕೂತು ಅಲ್ಲಿಂದಲೇ ಕೂಗಿ ಪ್ರಶ್ನೆ ಕೇಳುತ್ತಿದ್ದ. "ಮೇಲೆ ಬಂದು ಮಾತಾಡಿ" ಎಂದು ಒಳಗಿನಿಂದ ಉತ್ತರ. ಅವನ ಆಸೆ ಇಷ್ಟೇ: ಒಂದು ಸಲವಾದರೂ ಯಾರ ಕೈಯೂ ತಾಗದೆ ಒಳಗೆ ಹೋಗಿ, ಎಲ್ಲರ ಸಾಲಿನಲ್ಲಿ ಕೂರಬೇಕು.

ಕೇಳಿ ಕೇಳಿ ಕೊನೆಗೆ ರ‍್ಯಾಂಪ್ ಬಂತು. ಉದ್ಘಾಟನೆಯ ದಿನ ಟೇಪು ಕತ್ತರಿಸಿದ ಗಣ್ಯರೆಲ್ಲ ಅದರ ಮೇಲೆ ಒತ್ತೊತ್ತಾಗಿ ನಿಂತರು. ಫಲಾನುಭವಿ ಇಲ್ಲದೆ ಫೋಟೊ ಹೇಗೆ? ನಾಲ್ವರು ಅವನನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿ, ಪಕ್ಕದ ಮೆಟ್ಟಿಲು ಹತ್ತಿಸಿ, ರ‍್ಯಾಂಪಿನ ತುದಿಯಲ್ಲಿ ಇಟ್ಟರು. ಫೋಟೊದಲ್ಲಿ ಎಲ್ಲರೂ ನಗುತ್ತಿದ್ದಾರೆ. ಮಾದೇವಣ್ಣನ ಬಾಯಿಯೂ ತೆರೆದಿದೆ. ಅದು ನಗುವಲ್ಲ ಎಂಬುದು ಹತ್ತಿರ ನಿಂತವರಿಗೆ ಗೊತ್ತು.

ಆಮೇಲೆ ಚಾಮರಾಜನಗರದ ಒಂದು ಶಿಬಿರದಲ್ಲಿ ಅವನಿಗೆ ಬ್ಯಾಟರಿ ಗಾಲಿಕುರ್ಚಿ ಸಿಕ್ಕಿತು. ಹಂಗಳದ ರಸ್ತೆಯಲ್ಲಿ ಬೈಕಿನವರಿಗೆ ದಾರಿ ಬಿಡದೆ ಓಡಿಸಿ ಅಭ್ಯಾಸ ಮಾಡಿಕೊಂಡ. ಮುಂದಿನ ಗ್ರಾಮಸಭೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ನಾನೂ ಜೊತೆಗೆ ಹೋದೆ.

ರ‍್ಯಾಂಪಿನ ತುಂಬ ಹುರುಳಿ ಗಿಡ ಹರಡಿತ್ತು. ನಮ್ಮ ಕಡೆ ಹುರುಳಿಯನ್ನು, ಜನರ ಬಾಯಲ್ಲಿ ಉಳ್ಳಿಯನ್ನು, ಕಿತ್ತ ಮೇಲೆ ಡಾಂಬರು ರಸ್ತೆಗೆ ಹಾಸುವುದು ವಾಡಿಕೆ. ಲಾರಿ ಬಸ್ಸುಗಳು ಹರಿದು ಕಾಳು ಬಿಡಿಸಿಕೊಡುತ್ತವೆ. ಬಿಸಿಲಿಗೆ ಮುಖ ಮಾಡಿ ಖಾಲಿ ಬಿದ್ದಿದ್ದ ಹೊಸ ಸಿಮೆಂಟು, ಎದುರುಮನೆಯ ಸಿದ್ದಮ್ಮಜ್ಜಿಯ ಕಣ್ಣಿಗೆ ಬಿದ್ದಿತ್ತು.

ಕಚೇರಿಯ ಇಬ್ಬರು ಇಳಿದು ಬಂದರು. "ಇರಣ್ಣ, ಕುರ್ಚಿ ಸಮೇತ ಎತ್ಬುಡ್ತೀವಿ."

"ಮುಟ್ಟುದ್ರ ನೋಡಿ!" ಎಂದ ಮಾದೇವಣ್ಣ ಪಕ್ಕದಲ್ಲೇ ನಿಂತಿದ್ದ ಅಜ್ಜಿಯ ಕಡೆ ತಿರುಗಿದ. "ಇದ ನನ್ಗ ಕಟ್ಟಿರದು ಕಣವ್ವ, ನಿನ್ ಉಳ್ಳಿಗಲ್ಲ."

"ನೀನು ಬರ್ನಿಲ್ಲ ಮಗ, ಉಳ್ಳಿ ಬಂತು." ಬಾಚಲು ಬಗ್ಗಿದ ಅಜ್ಜಿ ಗಾಲಿಗಳನ್ನು ನೋಡಿ ಹಾಗೇ ನಿಂತಳು. "ಅಲ್ಲಾ, ಗಾಡಿ ತಾನೇ? ಮ್ಯಾಲೇ ಓಡ್ಸು. ಕಾಳು ಬುಟ್ಕತದ."

ಓಡಿಸಿದ. ನಡುದಾರಿಯಲ್ಲಿ ಗಾಲಿ ಜಾರಿತು. ಇಬ್ಬರ ಕೈಗಳೂ ಮುಂದೆ ಬಂದವು. ಅವನು ನೋಡಿದ ನೋಟಕ್ಕೆ ಹಿಂದೆ ಸರಿದವು. ಕುರ್ಚಿ ಒಮ್ಮೆ ಮುಲುಗಿ, ಚಟಚಟ ಕಾಯಿ ಒಡೆಯುತ್ತ ಮೇಲೇರಿತು. ಅವನು ನೇರ ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕುರ್ಚಿ ನಿಲ್ಲಿಸಿದ. "ವಿಶೇಷಚೇತನರಿಗೆ ಸ್ವಾಗತ" ಎಂದು ಅಧ್ಯಕ್ಷರು ಶುರುಮಾಡುವಷ್ಟರಲ್ಲಿ ಹೊರಗಿನಿಂದ ಕೂಗು ಬಂತು.

"ಲೋ ಮಾದೇವಾ! ಅರ್ಧ ಬುಟ್ಟದ ಕಣ್ಲಾ! ಇನ್ನೊಂದ್ ದಪ ಇಳ್ದು ಅತ್ತು!"

ಸಭೆಯೆಲ್ಲ ನಕ್ಕಿತು. ಮಾದೇವಣ್ಣ ನಗಲಿಲ್ಲ. "ಒಸಿ ತಡೀರಿ, ಕೆಲ್ಸ ಅದ" ಎಂದು ಕುರ್ಚಿ ತಿರುಗಿಸಿದ. ಅವನು ಮರಳುವವರೆಗೆ ಗ್ರಾಮಸಭೆ ಅವನಿಗಾಗಿ ಕಾದಿತ್ತು. ಕಾದಿತ್ತು ಎಂದೇ ನನ್ನ ನೆನಪು. ಅಷ್ಟರಲ್ಲಿ ಟೀ ಬಂದಿತ್ತೋ ಏನೋ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಮಾದೇವಣ್ಣ ತೀರಿಕೊಂಡ. ಆ ದಿನ ನಾವು ಅವನನ್ನು ಎತ್ತಿದೆವು. ಬೈಯಲಿಲ್ಲ.

ಮೊನ್ನೆ ಕಚೇರಿಗೆ ಹೋದಾಗ ರ‍್ಯಾಂಪಿನ ಪಕ್ಕ ಹೊಸ ಬೋರ್ಡು ನಿಂತಿತ್ತು: ‘ವಿಶೇಷಚೇತನರಿಗೆ ಮಾತ್ರ’. ಅದರ ಬುಡದಿಂದ ಮೇಲಿನವರೆಗೂ ಹುರುಳಿ. ಸಿದ್ದಮ್ಮಜ್ಜಿ ನನ್ನಿಂದ ಬೋರ್ಡು ಓದಿಸಿಕೊಂಡಳು.

"ಅಂಗಂದ್ರ ಯಾರಪ್ಪ?"

"ನಮ್ಮ ಮಾದೇವಣ್ಣನಂಥೋರು ಅಜ್ಜಿ."

"ಅವ್ನಿದ್ದಾಗ ಆಕ್ನಿಲ್ಲ, ಈಗ ಆಕವ್ರಾ?" ಎಂದು ಬೋರ್ಡನ್ನು ಮೇಲಿನಿಂದ ಕೆಳಗೆ ನೋಡಿದಳು. "ಆ ಕುಂಟ ಒಂಟೋದ್ಮ್ಯಾಕ ಬಡ್ದು ಬಡ್ದು ನನ್ ರಟ್ಟೆ ಬಿದ್ದೋಯ್ತು ಕಣಪ್ಪ."

ಆಮೇಲೆ ದೊಣ್ಣೆ ಎತ್ತಿಕೊಂಡು ಹುರುಳಿ ಬಡಿಯತೊಡಗಿದಳು.